ಪರದೇಶದ ಕೈವಾಡ ಮತ್ತು ಬೀರುವಿನ ಬೀಗದಕೈ

ದೂರದ ದೇಶಗಳ ವಿಷಯದಲ್ಲಿ ನಾನು ಬಹಳ ಧೈರ್ಯಶಾಲಿ. ಸಮುದ್ರದಾಚೆಯ ಯಾವ ಮಂತ್ರಿ ಯಾವ ತಪ್ಪು ಮಾಡಿದರೂ ದೇವನಹಳ್ಳಿಯ ಜಗಲಿಯ ಮೇಲೆ ಕೂತು ಮುಖಕ್ಕೆ ಹೊಡೆದಂತೆ ಹೇಳಿಬಿಡುತ್ತೇನೆ. ಆದರೆ ವಿಷಯ ಹತ್ತಿರ ಹತ್ತಿರ ಬಂದಷ್ಟೂ ನನ್ನ ಧ್ವನಿ ಇಳಿಯುತ್ತದೆ. ತಾಲ್ಲೂಕಿನ ಅಮಲ್ದಾರರ ಮಾತು ಬಂದರೆ ಅಕ್ಕಪಕ್ಕ ನೋಡುತ್ತೇನೆ. ನಮ್ಮ ಶಾಲೆಯ ಹೆಡ್‌ಮಾಸ್ತರರ ಮಾತು ಬಂದರೆ ಕೆಮ್ಮು ಬರುತ್ತದೆ. ನಾನು ಬಾಡಿಗೆಗಿರುವ ಮನೆಯ ಯಜಮಾನರ ಮಾತು ಬಂದರಂತೂ ಆ ಕೆಮ್ಮೂ ಬರುವುದಿಲ್ಲ. ಇಂಥ ನಾನು ಒಮ್ಮೆ ಸರ್ಕಾರ ಬದಲಾಯಿಸಲು ಹೊರಟಿದ್ದೆ ಎಂದರೆ ನನ್ನ ಹೆಂಡತಿ ಈಗಲೂ ಸೆರಗು ಬಾಯಿಗೆ ಅಡ್ಡ ಹಿಡಿಯುತ್ತಾಳೆ.

ಆ ಸರ್ಕಾರ ನಮ್ಮೂರ ವಾಚನಾಲಯ. ಎರಡು ಬೆಂಚು, ಒಂದು ಮೇಜು, ಗಾಜು ಒಡೆದ ಒಂದು ಬೀರು, ಇಷ್ಟೇ ಅದರ ಆಸ್ತಿ. ಬೀರುವಿನ ಬೀಗದಕೈ ಹನ್ನೆರಡು ವರ್ಷದಿಂದ ಕಾರ್ಯದರ್ಶಿಗಳ ಕೋಟಿನ ಒಳಜೇಬಿನಲ್ಲಿತ್ತು. ಅವರು ಪೆನ್ಷನ್ ಪಡೆದ ಶಿರಸ್ತೇದಾರರು; ಊರಿನವರೆಲ್ಲ ಹಾಗೇ ಕರೆಯುತ್ತಿದ್ದುದರಿಂದ ಅವರ ಹೆಸರು ಅವರಿಗೇ ನೆನಪಿತ್ತೋ ಇಲ್ಲವೋ. ಬೆಂಗಳೂರಿನ ಬಸ್ಸಿನಲ್ಲಿ ಬೆಳಿಗ್ಗೆ ಬರುವ ಪತ್ರಿಕೆ ನೇರವಾಗಿ ಅವರ ಮನೆಗೆ ಹೋಗುತ್ತಿತ್ತು. ಅವರು ಅದನ್ನು ತಲೆಬರಹದಿಂದ ಮುದ್ರಕರ ವಿಳಾಸದವರೆಗೆ ಓದಿ, ಮುಖ್ಯವಾದದ್ದಕ್ಕೆ ಕೆಂಪು ಪೆನ್ಸಿಲಿನಲ್ಲಿ ಗೆರೆ ಎಳೆದು, ಒಪ್ಪಿಗೆಯಾದ ಕಡೆ ಪಕ್ಕದಲ್ಲಿ ‘ಸರಿ’ ಎಂದು ಬರೆದು, ಮಾರನೆಯ ಸಂಜೆ ನಮಗೆ ಬಿಡುಗಡೆ ಮಾಡುತ್ತಿದ್ದರು. ಹೀಗಾಗಿ ಮಹಾಯುದ್ಧ ಲೋಕಕ್ಕೆಲ್ಲ ಒಂದು ದಿನ ಮುಗಿದರೆ ದೇವನಹಳ್ಳಿಯಲ್ಲಿ ಅದರ ಮಾರನೆಯ ದಿನ ಮುಗಿಯಿತು. ಒಂದು ದಿನ ಹೆಚ್ಚಿಗೆ ಯುದ್ಧ ಮಾಡಿದ ಊರು ನಮ್ಮದೊಂದೇ ಇರಬೇಕು.

ಕಾರ್ಯದರ್ಶಿಯನ್ನು ಬದಲಾಯಿಸಬೇಕು ಎಂಬುದರಲ್ಲಿ ನಮಗೆಲ್ಲ ಒಂದೇ ಮನಸ್ಸು. ಹೇಳುವ ಬಾಯಿ ಮಾತ್ರ ಇರಲಿಲ್ಲ. ಊರಿನಲ್ಲಿ ಅವರಿಂದ ಅರ್ಜಿ ಬರೆಸಿಕೊಳ್ಳದವರೇ ಇಲ್ಲ. ಬರೆದುಕೊಟ್ಟು ಕಾಸು ಕೇಳಿದವರೂ ಅವರಲ್ಲ. ನಲ್ಲೂರಿನ ತೋಪಿನ ಹುಣಸೆಹಣ್ಣು ಗುತ್ತಿಗೆ ಹಿಡಿಯುವ ಬಾಷಾ ಸಾಹೇಬರ ಕರಾರುಪತ್ರಗಳೆಲ್ಲ ಅವರ ಕೈಬರಹವೇ. ಇನ್ನು ನಾನು ಅವರ ಮನೆಯ ಮುಂಭಾಗದಲ್ಲೇ ಬಾಡಿಗೆಗಿದ್ದೆ. ಹೆಂಡತಿಗೆ ಆಗ ಏಳು ತಿಂಗಳು. ಯುದ್ಧ ಮುಗಿದ ಹೊಸದರಲ್ಲಿ ಬಾಡಿಗೆಮನೆ ಸಿಗುವುದು ಸೀಮೆಎಣ್ಣೆ ಸಿಕ್ಕಷ್ಟೇ ಅಪರೂಪ. ಬಸುರಿಯನ್ನು ಕಟ್ಟಿಕೊಂಡು ಬೀದಿಯಲ್ಲಿ ನಿಲ್ಲುವ ಚಿತ್ರ ಕಣ್ಣಮುಂದೆ ಬಂದರೆ ನನಗೆ ಹಳೆಯ ಪತ್ರಿಕೆಯೇ ಬಹಳ ರುಚಿಯಾಗಿ ಕಾಣುತ್ತಿತ್ತು.

ಆ ವರ್ಷದ ವಾರ್ಷಿಕ ಸಭೆಗೆ ಒಂದು ಚರ್ಚೆ ಇಟ್ಟೆವು. ಯೂರೋಪಿನಲ್ಲಿ ದಿನಕ್ಕೊಂದು ಸರ್ಕಾರ ಮಗುಚುತ್ತಿದ್ದ ಕಾಲ. ಒಂದೊಂದರ ಹಿಂದೆಯೂ ಯಾವುದೋ ದೊಡ್ಡ ದೇಶದ ಕೈವಾಡ ಎಂದು ಪತ್ರಿಕೆ ಬರೆಯುತ್ತಿತ್ತು. ಆದ್ದರಿಂದ ‘ಒಂದು ದೇಶದ ಸರ್ಕಾರ ಬದಲಾಗುವಾಗ ಹೊರಗಿನ ದೇಶ ಕೈಹಾಕಬಹುದೇ, ಕೂಡದೇ’ ಎಂಬುದೇ ವಿಷಯ. ಅಧ್ಯಕ್ಷತೆಗೆ ದೊಡ್ಡಬಳ್ಳಾಪುರದ ಒಬ್ಬ ವಕೀಲರು. ಬಾಷಾ ಸಾಹೇಬರು ನನ್ನನ್ನು ಪಕ್ಕಕ್ಕೆ ಕರೆದು, “ನಮ್ಮ ಬಾಯಿಂದ ಈ ಮಾತು ಬರಲ್ಲ ಮೇಷ್ಟ್ರೇ. ಹೊರಗಿನವರು ಹೇಳಿದ್ರೆ ಅವರಿಗೂ ಮರ್ಯಾದೆ, ನಮಗೂ ಮರ್ಯಾದೆ. ನೀವು ಆ ವಕೀಲರಿಗೆ ಒಂದು ಕಾಗದ ಹಾಕಿ” ಎಂದರು. ನೀವೇ ಏಕೆ ಹಾಕಬಾರದು ಎಂದೆ. ತಮ್ಮ ಕನ್ನಡ ಅಷ್ಟು ದೊಡ್ಡ ಕೆಲಸಕ್ಕೆ ಸಾಲದು ಎಂದರು. ಹೊಗಳಿಕೆ ಎಂಥವನನ್ನೂ ಹಾಳು ಮಾಡುತ್ತದೆ ನೋಡಿ. ನಾನು ಬರೆದೇಬಿಟ್ಟೆ. ತಾವು ಅಧ್ಯಕ್ಷಭಾಷಣದಲ್ಲಿ ನಮ್ಮ ವಾಚನಾಲಯದ ಸಂಘದ ಕಡೆಗೂ ಎರಡು ಮಾತು ತಿರುಗಿಸಬೇಕು, ಯಾವ ಅಧಿಕಾರವೂ ಮೂರು ವರ್ಷಕ್ಕಿಂತ ಹೆಚ್ಚು ಕಾಲ ಒಬ್ಬರ ಕೈಯಲ್ಲಿ ಇರಬಾರದು ಎಂದು ಸೂಚಿಸಬೇಕು, ನನ್ನ ಹೆಸರು ಮಾತ್ರ ಎಲ್ಲೂ ಬರಬಾರದು ಎಂದು ಬರೆದು, ಕೆಳಗೆ ನನ್ನ ಹೆಸರನ್ನು ಸ್ಪಷ್ಟವಾಗಿ ಸಹಿ ಮಾಡಿದೆ.

ಅಂಚೆಗೆ ಹಾಕಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ನಮ್ಮ ಕಡೆ ದೊಡ್ಡಬಳ್ಳಾಪುರದಷ್ಟು ಹತ್ತಿರಕ್ಕೆ ಯಾರೂ ಅಂಚೆ ಚೀಟಿ ದಂಡ ಮಾಡುವುದಿಲ್ಲ. ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟರಾಯಿತು. ಅವನು ಆ ಕಡೆ ಹೋಗುವ ಯಾರಾದರೂ ನಂಬಿಕಸ್ಥರ ಕೈಗೆ ಕೊಡುತ್ತಾನೆ. ಔಷಧಿ, ಲಗ್ನಪತ್ರಿಕೆ, ಚಕ್ಕೋತನ ಹಣ್ಣು ಎಲ್ಲ ಹೀಗೇ ಹೋಗುತ್ತವೆ. ನಾನೂ ಗೋಂದು ಹಚ್ಚಿ ಲಕೋಟೆ ಅಂಟಿಸಿ ಗುರುವಾರ ಕಂಡಕ್ಟರನಿಗೆ ಕೊಟ್ಟು ನಿಶ್ಚಿಂತನಾದೆ.

ಭಾನುವಾರ ಮಧ್ಯಾಹ್ನ, ಸಭೆಗೆ ಇನ್ನೊಂದು ಗಂಟೆ ಇದೆ ಎನ್ನುವಾಗ, ಬಸ್ ನಿಲ್ಲುವ ಕಡೆ ಅವನು ಸಿಕ್ಕಿದ. ಕಾಗದ ತಲುಪಿತೇನಪ್ಪಾ ಎಂದೆ. “ಅದಕ್ಕೇನು ಯೋಚ್ನೆ ಸಾರ್, ಅವತ್ತು ನಿಮ್ಮ ಶಿರಸ್ತೇದಾರ್ರೇ ವಕೀಲರನ್ನ ಕರೆಯೋಕೆ ಹೋಗ್ತಿದ್ರು. ಅವರ ಕೈಗೇ ಕೊಟ್ಬಿಟ್ಟೆ” ಎಂದ. ಅವನ ದೃಷ್ಟಿಯಲ್ಲಿ ಊರಿಗೆಲ್ಲ ಅವರಿಗಿಂತ ನಂಬಿಕಸ್ಥರು ಇನ್ನಾರು? ಗುರುವಾರದಿಂದ ಭಾನುವಾರದವರೆಗೆ ಶಿರಸ್ತೇದಾರರು ನನ್ನ ಜೊತೆ ಆಡಿದ ಪ್ರತಿಯೊಂದು ಮಾತನ್ನೂ ತಿರುವಿ ಹಾಕಿದೆ. ಶುಕ್ರವಾರ, ಮಾಡಿನ ಹೆಂಚು ಬದಲಾಯಿಸಬೇಕು ಎಂದಿದ್ದರು. ಅದು ನನ್ನನ್ನು ಖಾಲಿ ಮಾಡಿಸುವ ಪೀಠಿಕೆಯೇ ಸರಿ ಎಂದು ತೀರ್ಮಾನಿಸಿಕೊಂಡೆ.

ನಮ್ಮ ಚರ್ಚೆಯಲ್ಲಿ ಯಾರು ಯಾವ ಪಕ್ಷ ಎಂಬುದನ್ನು ಕಾಫಿಪುಡಿ ಡಬ್ಬದಿಂದ ಚೀಟಿ ಎತ್ತಿ ನಿಶ್ಚಯಿಸುವುದು ಪದ್ಧತಿ. ನಂಬಿಕೆಗೂ ವಾದಕ್ಕೂ ಸಂಬಂಧ ಇರಬಾರದು ಎಂಬುದು ಶಿರಸ್ತೇದಾರರ ನಿಯಮ. ಅವರಿಗೆ ‘ಕೈಹಾಕಬಹುದು’ ಬಂತು. ನನಗೆ ‘ಕೂಡದು’. ಅವರು ಎದ್ದು ನಿಧಾನವಾಗಿ, ಮನೆಯ ಒಳಗಿರುವವರು ಹೆದರಿ ಬಾಯಿ ಕಟ್ಟಿಕೊಂಡು ಕೂತಾಗ ಪಕ್ಕದ ಮನೆಯವನು ಬಂದು ಬಾಗಿಲು ತಟ್ಟಿದರೆ ತಪ್ಪೇನು, ತಪ್ಪೆಲ್ಲ ಒಳಗಿರುವವರನ್ನು ಅಷ್ಟು ಹೆದರಿಸಿ ಇಟ್ಟವನದು ಎಂದರು. ಹಾಗೆ ಹೇಳುವಾಗ ನನ್ನ ಕಡೆಯೇ ನೋಡಿದಂತಾಯಿತು. ಇನ್ನು ನನಗೆ ಉಳಿದದ್ದು ಒಂದೇ ದಾರಿ. ಹೊರಗಿನವರಿಗೆ ಗುಟ್ಟಾಗಿ ಕಾಗದ ಬರೆಯುವವರನ್ನು ಚೆನ್ನಾಗಿ ಬೈದುಬಿಟ್ಟರೆ, ಇಷ್ಟು ಬೈಯುವವನು ತಾನೇ ಬರೆದಿರಲಾರ ಎಂದು ಅವರಿಗೆ ಅನ್ನಿಸಬಹುದಲ್ಲ! ಬೈದೆ. ಮನೆಮುರುಕರೆಂದೆ, ಹಿತ್ತಲ ಬಾಗಿಲು ತೆಗೆದಿಡುವವರೆಂದೆ, ಬದಲಾವಣೆ ಬೇಕಾದವನು ಎದೆಯ ಮೇಲೆ ಕೈಯಿಟ್ಟುಕೊಂಡು ಎದುರಿಗೆ ನಿಂತು ಕೇಳಬೇಕೆಂದೆ. ಹೆದರಿಕೆಯಿಂದ ನನಗೆ ಅಂಥ ವಾಕ್ಚಾತುರ್ಯ ಬಂದದ್ದು ಅದೇ ಮೊದಲು. ಬಾಷಾ ಸಾಹೇಬರು ಬಾಯಿ ತೆರೆದವರು ಮುಚ್ಚಲೇ ಇಲ್ಲ.

ವಕೀಲರು ನನ್ನ ಪಕ್ಷಕ್ಕೆ ಜಯ ಕೊಟ್ಟು, ಹೊರಗಿನವನಾದ ತಾನು ಈ ಸಂಘದ ವಿಷಯ ಏನೂ ಹೇಳಬಾರದೆಂದು ಮೇಷ್ಟ್ರ ಮಾತಿನಿಂದ ಕಲಿತೆ ಎಂದು ನಕ್ಕು ಕೂತರು. ಆಗ ಶಿರಸ್ತೇದಾರರು ಎದ್ದರು. ಕೋಟಿನ ಒಳಜೇಬಿಗೆ ಕೈಹಾಕಿದರು. ಬಂತು ಲಕೋಟೆ ಎಂದುಕೊಂಡು ನಾನು ಕಣ್ಣು ಮುಚ್ಚಿದೆ. ಮೇಜಿನ ಮೇಲೆ ಲೋಹದ ಸದ್ದಾಯಿತು.

“ಮೇಷ್ಟ್ರು ಹೇಳಿದ್ದು ಸರಿ,” ಎಂದರು. “ಇನ್ನೊಬ್ಬರು ಬಂದು ಹೇಳೋ ತನಕ ಕಾಯಬಾರದು. ಹನ್ನೆರಡು ವರ್ಷ ಆಯ್ತು. ಈ ಬೀಗದಕೈ ಇನ್ನು ಅವರೇ ಇಟ್ಕೊಳ್ಲಿ.”

ಮನೆಗೆ ಒಟ್ಟಿಗೇ ನಡೆದೆವು. ಬಾಗಿಲ ಹತ್ತಿರ ಅವರು ಮತ್ತೆ ಜೇಬಿಗೆ ಕೈಹಾಕಿ ಲಕೋಟೆಯನ್ನು ಕೊಟ್ಟರು. “ಕ್ಷಮಿಸಬೇಕು ಮೇಷ್ಟ್ರೇ. ವಕೀಲರಿಗೆ ಕೊಡೋಕೆ ಮರೆತೇಹೋಯ್ತು. ವಯಸ್ಸಾಯ್ತು ನೋಡಿ” ಎಂದರು. ತಿರುಗಿಸಿ ನೋಡಿದೆ: ಅಂಟಿಸಿದ್ದು ಅಂಟಿಸಿದಂತೆಯೇ ಇದೆ. ಅಬ್ಬಾ, ನನಗಾದ ನೆಮ್ಮದಿಯನ್ನು ಏನೆಂದು ಹೇಳಲಿ! ಎದೆಯ ಮೇಲಿನ ಕಲ್ಲು ಇಳಿದು, ಮನೆ ಉಳಿದು, ಹೆಂಡತಿ ಉಳಿದು, ಹುಟ್ಟಲಿರುವ ಮಗುವಿಗೆ ಸೂರು ಉಳಿದು, ಮೇಲೆ ಬೀಗದಕೈ ಬೇರೆ. ಹೆಂಚು ಯಾವಾಗ ಬದಲಾಯಿಸುತ್ತೀರಿ ಎಂದು ಧೈರ್ಯವಾಗಿ ಕೇಳಿದೆ. ಹೆರಿಗೆಗೆ ಮುಂಚೆ ಆಗಬೇಕಲ್ಲ, ಮಗುವಿನ ಮೇಲೆ ಸೋರಬಾರದು ಎಂದರು.

ಒಳಗೆ ಹೋಗಿ ಎಲ್ಲವನ್ನೂ ಹೆಂಡತಿಗೆ ಹೇಳಿ ಲಕೋಟೆಯನ್ನು ಒಲೆಗೆ ಹಾಕಲು ಕೊಟ್ಟೆ. ಅವಳು ಅದನ್ನು ಬೆಳಕಿಗೆ ಹಿಡಿದು ನೋಡಿದಳು. “ಏನೂಂದ್ರೆ, ನೀವು ಹಚ್ಚಿದ್ದು ಗೋಂದು ಅಲ್ವಾ? ಇದು ಅನ್ನದ ಅಗುಳು” ಎಂದಳು. ಒಡೆದು ನೋಡಿದೆವು. ಮೂರು ವರ್ಷದ ಮಾತಿನ ಕೆಳಗೆ ನೇರವಾದ ಒಂದು ಕೆಂಪು ಗೆರೆ. ಪಕ್ಕದಲ್ಲಿ ‘ಸರಿ’. ಅವತ್ತು ನಾಚಿಕೆಯಾದಷ್ಟು ನನಗೆ ಯಾವತ್ತೂ ಆಗಿಲ್ಲ. ಹಾಗೆಯೇ ಆ ಮನುಷ್ಯನ ಮೇಲೆ ಬಂದಷ್ಟು ಪ್ರೀತಿಯೂ.

ಇದೆಲ್ಲ ಹಳೆಯ ಮಾತು. ಮಗಳು ಹುಟ್ಟಿ ಈಗ ಓಡಾಡುತ್ತಾಳೆ, ಹೆಂಚು ಸೋರುವುದಿಲ್ಲ. ಪತ್ರಿಕೆಯನ್ನು ಮೊದಮೊದಲು ಬಸ್ಸಿನಿಂದ ನೇರ ವಾಚನಾಲಯಕ್ಕೇ ಒಯ್ಯುತ್ತಿದ್ದೆ. ಬಾಣಂತಿಗೂ ನಾಲ್ಕು ಸುದ್ದಿ ತಿಳಿಯಲಿ ಎಂದು ಒಮ್ಮೆ ಮನೆಗೆ ತಂದೆ. ಅಭ್ಯಾಸವಾಯಿತು. ಕಾಫಿಯ ಜೊತೆ ಓದಿದರೆ ವಿಷಯ ಚೆನ್ನಾಗಿ ತಲೆಗೆ ಹತ್ತುತ್ತದೆ ಎಂಬುದು ನನ್ನ ಅನುಭವ; ಸದಸ್ಯರು ಸಂಜೆಗೆ ಓದಿದರೆ ಸಾಲದೇ? ಶಾಲೆಯ ಕೆಲಸ ಹೆಚ್ಚಿದ ದಿನ ಮಾರನೆಯ ಸಂಜೆಗೆ. ಕಳೆದ ವಾರ ಮಗಳಿಗೆ ರೇಷ್ಮೆ ಲಂಗದ ಬಟ್ಟೆ ತರಲು ದೊಡ್ಡಬಳ್ಳಾಪುರದ ಬಸ್ಸು ಹತ್ತಿದೆ. ಕಂಡಕ್ಟರ್ ನನ್ನ ಕೈಗೆ ಒಂದು ಲಕೋಟೆ ಕೊಟ್ಟು, “ವಕೀಲರ ಮನೇಗೆ ತಲುಪಿಸ್ಬಿಡಿ ಸಾರ್, ನಿಮಗಿಂತ ನಂಬಿಕಸ್ಥರು ಯಾರಿದ್ದಾರೆ” ಎಂದ. ಮೇಲಿನ ವಿಳಾಸ ಬಾಷಾ ಸಾಹೇಬರ ಕೈಬರಹ. ಅಷ್ಟು ದೊಡ್ಡ ಕೆಲಸಕ್ಕೆ ಅವರ ಕನ್ನಡ ಈಗ ಸಾಕಾಗಿದೆ ಎಂದಾಯಿತು. ಬೀಗದಕೈ ನನ್ನ ಜೇಬಿಗೆ ಬಂದು ಎಷ್ಟು ಕಾಲವಾಯಿತೆಂದು ಬೆರಳು ಮಡಿಸಿ ನೋಡಿದೆ: ಮೂರು ವರ್ಷ, ಎರಡು ತಿಂಗಳು.

ಲಕೋಟೆ ಈಗ ನನ್ನ ಮೇಜಿನ ಮೇಲಿದೆ. ವಕೀಲರಿಗೆ ಕೊಡುವುದು ಮರೆತುಹೋಯಿತು. ಗೋಂದು ಹಚ್ಚಿ ಗಟ್ಟಿಯಾಗಿ ಅಂಟಿಸಿದ್ದಾರೆ. ಬೆಳಿಗ್ಗೆಯಿಂದ ಅದನ್ನು ಹಿಂದೆ ಮುಂದೆ ತಿರುಗಿಸುತ್ತ ಕೂತಿದ್ದೇನೆ. ಹೆಂಡತಿ ಅಡುಗೆಮನೆಯಿಂದ ಇಣುಕಿದಳು. ಅನ್ನ ಈಗಷ್ಟೇ ಬಸಿದಿದ್ದೇನೆ, ಎರಡು ಅಗುಳು ತರಲೇ ಎಂದಳು.