ಗಾಳಿ ಗನ್ನಿನ ಪಟ್ಟಾಭಿಷೇಕ

ಕಣ್ಣಿಗೆ ಕಾಣದ, ಕೈಗೆ ಸಿಗದ, ಹುಟ್ಟಿದ ಪ್ರತಿ ಜೀವಿಯ ಮೂಗಿನೊಳಗೂ ಕೇಳದೆಯೇ ಹೋಗಿ ಬರುವ ಎಲೈ ವಾಯುದೇವನೇ, ಈ ಕಥೆ ಹೇಳುವ ನಾಲಿಗೆಯ ಮೇಲೆ ಬಂದು ನೆಲೆಸು. ಆದರೆ ತೊಂಬತ್ತು ಪೌಂಡಿಗಿಂತ ಹೆಚ್ಚಿಗೆ ಬರಬೇಡ. ಮೂರು ಲೋಕಗಳಲ್ಲಿ ಮನಸ್ಸು ಬಂದಂತೆ ಅಲೆಯುತ್ತಿದ್ದ ನಿನ್ನನ್ನು ಹಿಡಿದು, ಕಬ್ಬಿಣದ ಟ್ಯಾಂಕಿನೊಳಗೆ ತುರುಕಿ, ಮೀಟರಿನ ಮುಳ್ಳಿಗೆ ಕಟ್ಟಿಹಾಕಿ, ಲಾರಿಯ ನಟ್ಟು ಬಿಚ್ಚುವ ಕೂಲಿಗೆ ಹಚ್ಚಿದ ಮಹಾಯುಗವೊಂದು ಭೂಮಿಯ ಮೇಲೆ ನಡೆಯುತ್ತಿತ್ತು. ಆ ಯುಗದಲ್ಲಿ, ಹಿರಿಯೂರನ್ನು ಮುಟ್ಟಿಯೂ ಮುಟ್ಟದ ಹಾಗೆ ಹೆದ್ದಾರಿ ಬಳಸಿಕೊಂಡು ಹೋಗುವ ತಿರುವಿನಲ್ಲಿ, ರುದ್ರಮುನಿ ಸಾವ್ಕಾರರ ಟಯರ್ ಶೆಡ್ಡಿನಲ್ಲಿ, ಸಹಸ್ರಟ್ಯೂಬಪರೀಕ್ಷಕನೂ ಬುದ್ಬುದಾನ್ವೇಷಣಪಂಡಿತನೂ ಪಂಕ್ಚರ್‌ತೊಟ್ಟಿತೀರವಾಸಿಯೂ ಆದ ಓಬಳೇಶನೆಂಬ ವೀರನಿದ್ದನು.

ತೊಟ್ಟಿಯ ತೀರದಲ್ಲಿ ಅವನು ಕೂತು ಏಳು ವರ್ಷವಾಗಿತ್ತು. ಋಷಿಗಳು ಅಷ್ಟು ಕಾಲ ನೀರಿನ ಪಕ್ಕ ಕೂತರೆ ದೇವರೇ ಎದ್ದು ಬಂದು ಏನು ಬೇಕೆಂದು ಕೇಳುತ್ತಾನೆ. ಓಬಳೇಶನ ಬಳಿಗೆ ಬಂದದ್ದು ಟ್ಯೂಬುಗಳು ಮಾತ್ರ. ಗಾಳಿ ತುಂಬಿದ ಟ್ಯೂಬನ್ನು ನೀರಲ್ಲಿ ಮುಳುಗಿಸುವುದು, ಗುಳ್ಳೆ ಏಳುವ ಜಾಗಕ್ಕೆ ಗುರುತು ಹಾಕುವುದು, ತಿರುಗಿಸಿ ಮತ್ತೆ ಮುಳುಗಿಸುವುದು. ಅವನ ಬೆರಳ ತುದಿಗಳು ಹಬ್ಬದ ದಿನವೂ ಒಣದ್ರಾಕ್ಷಿಯಂತೆ ಸುಕ್ಕುಗಟ್ಟಿರುತ್ತಿದ್ದವು. ಹೆಂಡತಿಯ ತವರಿಗೆ ಹೋದಾಗ ಅತ್ತೆ ಕುಡಿಯುವ ನೀರಿನ ಚೊಂಬನ್ನು ಕೈಗೆ ಕೊಡುತ್ತಾ, ಇದರಲ್ಲೇನೂ ಗುಳ್ಳೆ ಕಾಣುತ್ತಿಲ್ಲವಲ್ಲ ಅಳಿಯಂದಿರೇ ಎಂದು ಹತ್ತು ಜನರ ಮುಂದೆ ವಿಚಾರಿಸಿದ್ದಳು. ಅಂದೇ ಅವನು ಶಪಥ ಮಾಡಿದನು: ತೊಟ್ಟಿ ಬಿಟ್ಟು ಎದ್ದು ಗಾಳಿ ಗನ್ನು ಹಿಡಿಯುವ ತನಕ ಆ ಮನೆಯ ಹೊಸ್ತಿಲು ತುಳಿಯುವುದಿಲ್ಲ.

ಗಾಳಿ ಗನ್ನೆಂದರೆ ಸಾಮಾನ್ಯವೇ? ಘರ್ಘರಘೋಷಿಣಿ, ತುಕ್ಕುಗರ್ವಭಂಜಿನಿ, ನಟ್ಟುಮರ್ದಿನಿ. ಇಬ್ಬರು ಗಂಡಸರು ಪಾನಾಕ್ಕೆ ಪೈಪು ಸಿಕ್ಕಿಸಿ ಜೋತುಬಿದ್ದರೂ ಅಲುಗದ ಲಾರಿ ನಟ್ಟನ್ನು ಮೂರು ಗುಟುಕು ಗಾಳಿಯಲ್ಲಿ ಬಿಚ್ಚಿ ಅಂಗೈಗೆ ಹಾಕುವಂಥದ್ದು. ಆದರೆ ಸೀಳುಹುಬ್ಬಿನ ಸಾಮ್ರಾಟರಾದ ರುದ್ರಮುನಿ ಸಾವ್ಕಾರರು ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು. ಹಿಂದಿನ ಗನ್ನಿನ ಕಾಲದಲ್ಲಿ ಒಬ್ಬನು ಗಾಳಿ ಬಂದ್ ಮಾಡದೆಯೇ ನಟ್ಟಿನ ತಲೆಗೆ ಕೂರುವ ಸಾಕೆಟ್ ಬದಲಿಸಹೊರಟು, ಬೆರಳು ಟ್ರಿಗರಿಗೆ ತಾಗಿ, ಸಾಕೆಟ್ಟು ಹಾರಿ ಬಂದು ಅವರ ಎಡ ಹುಬ್ಬನ್ನು ಎರಡು ಮಾಡಿತ್ತು. ಆದ್ದರಿಂದ ಹೊಸ ಗನ್ನಿಗೆ ಅವರು ಷರತ್ತು ಹಾಕಿದ್ದರು. ಒಂದು ಅಮಾವಾಸ್ಯೆಯಿಂದ ಇನ್ನೊಂದು ಅಮಾವಾಸ್ಯೆಯ ತನಕ ಅವರ ಕಣ್ಣೆದುರು, ಯಾರ ಮೈಗೂ ಒಂದು ಗೀರು ಬೀಳದಂತೆ, ಒಂದು ಸಾಮಾನೂ ಹಾರದಂತೆ ಗನ್ನು ನಡೆಸಿದರೆ ಬೀರುವಿನ ಕೀಲಿಕೈ ಓಬಳೇಶನದು. ತಪ್ಪಿದರೆ ಅವನಿಗೆ ಮತ್ತೆ ತೊಟ್ಟಿ.

ಓಬಳೇಶ ಆ ತಿಂಗಳನ್ನು ವ್ರತದಂತೆ ಆಚರಿಸಿದನು. ಸಾಕೆಟ್ ಬದಲಿಸುವ ಮುನ್ನ ಗಾಳಿ ಬಂದ್ ಮಾಡಿ, ಪೈಪಿನಲ್ಲಿ ಉಳಿದದ್ದನ್ನೂ ಬುಸ್ಸೆಂದು ಹೊರಗೆ ಬಿಡುವನು. ಪ್ರತಿ ಬೆಳಿಗ್ಗೆ ಟ್ಯಾಂಕಿನ ತಳದಲ್ಲಿ ನಿಂತ ನೀರು ಬಸಿಯುವನು. ಗನ್ನಿನ ಮೂತಿಯನ್ನು ಮನುಷ್ಯನ ಕಡೆಗಿರಲಿ, ನಾಯಿಯ ಕಡೆಗೂ ತಿರುಗಿಸಿದವನಲ್ಲ. ಅಂಗಿಯ ಧೂಳನ್ನು ಗಾಳಿಯಿಂದ ಹೊಡೆಸಿಕೊಳ್ಳಲು ಬಂದ ಡ್ರೈವರೊಬ್ಬನಿಗೆ, ಈ ಗಾಳಿ ಚರ್ಮದೊಳಕ್ಕೆ ಹೊಕ್ಕರೆ ಏನೇನಾಗುತ್ತದೆಂದು ಅವನು ಎಷ್ಟು ವಿಸ್ತಾರವಾಗಿ ವರ್ಣಿಸಿದನೆಂದರೆ, ಆ ಮನುಷ್ಯ ಟಯರಿಗೂ ಗಾಳಿ ಹಾಕಿಸದೆ ಹೊರಟುಹೋದನು.

ಕೊನೆಯ ದಿನ ಬಂತು. ಅಮಾವಾಸ್ಯೆಯ ಆ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಶಟರ್ ಎತ್ತಿದ ಓಬಳೇಶನ ಎದೆಯಲ್ಲಿ ಒಂದೇ ಅಳುಕು. ಗನ್ನಿನ ಭಯವಲ್ಲ, ಗಾಳಿಯ ಭಯವಲ್ಲ. ಚಮನ್ ಸಾಬರ ದೃಷ್ಟಿಯ ಭಯ. ಆರಡಿಪೈಪುಧಾರಿಗಳೂ ನಲವತ್ತು ವರ್ಷಗಳಿಂದ ಬರಿಗೈಯಲ್ಲೇ ನಟ್ಟುಕುಲವನ್ನು ಸದೆಬಡಿದವರೂ ಆದ ಆ ಹಿರಿಯ ಮೇಸ್ತ್ರಿ, ತಿಂಗಳಿಡೀ ಟೀ ಲೋಟದ ಅಂಚಿನ ಮೇಲಿಂದ ಗನ್ನನ್ನು ನೋಡುತ್ತಿದ್ದ ಬಗೆ ಓಬಳೇಶನಿಗೆ ಹಿಡಿಸಿರಲಿಲ್ಲ. ಅದಕ್ಕೇ ಅವನು ಒಂದು ದೊಡ್ಡ ನಿಂಬೆಹಣ್ಣನ್ನೂ ಏಳು ಹಸಿಮೆಣಸಿನಕಾಯಿಗಳನ್ನೂ ತಂದಿದ್ದನು. ಶಟರಿನ ನೆತ್ತಿಯಲ್ಲಿದ್ದ ಹಳೆಯ ತಂತಿ ಮುಟ್ಟಿದೊಡನೆ ತುಕ್ಕಾಗಿ ಉದುರಿತು. ದಾರಕ್ಕೆ ತಡಕಿದನು, ಸಿಗಲಿಲ್ಲ. ಆಗ ಅವನ ಕಣ್ಣು ಗಾಳಿ ಪೈಪಿನ ಮೇಲೆ ಹರಿಯಿತು. ಟ್ಯಾಂಕಿನಿಂದ ಬರುವ ಪೈಪು, ಗನ್ನಿಗೆ ಹೋಗುವ ಪೈಪು, ಎರಡನ್ನೂ ನಡುವೆ ಕೂಡಿಸುವ ಹಿತ್ತಾಳೆಯ ಕಪ್ಲಿಂಗು. ಆ ಕಪ್ಲಿಂಗು ತಾನಾಗಿ ತಿರುಗಿ ಬಿಚ್ಚಿಕೊಳ್ಳದಿರಲೆಂದು ಅದಕ್ಕೆ ಮಡಚಿ ಸಿಕ್ಕಿಸಿದ್ದ ಗೇಣುದ್ದದ ಗಟ್ಟಿ ತಂತಿಯ ಪಿನ್ನು. ಶೆಡ್ಡಿನ ಸಕಲ ವಸ್ತುಗಳಲ್ಲಿ ತಿಂಗಳಿಡೀ ಏನೂ ಕೆಲಸ ಮಾಡದೆ ಸುಮ್ಮನೆ ಕೂತದ್ದು ಅದೊಂದೇ ಎಂದು ಅವನಿಗೆ ತೋರಿತು. ಅವನು ಅದನ್ನು ಎಳೆದು ನೆಟ್ಟಗೆ ಮಾಡಿ, ನಿಂಬೆಹಣ್ಣನ್ನು ಚುಚ್ಚಿ, ಮೆಣಸಿನಕಾಯಿಗಳನ್ನು ಪೋಣಿಸಿ, ಶಟರಿನ ನೆತ್ತಿಗೆ ತೂಗುಹಾಕಿ, ಇಂದು ಯಾವ ಅಪಾಯವೂ ಆಗದಿರಲೆಂದು ಕೈಮುಗಿದನು.

ಹತ್ತು ಗಂಟೆಗೆ ಈರುಳ್ಳಿ ಹೊತ್ತ ಹತ್ತು ಚಕ್ರಗಳ ಲಾರಿಯೊಂದು ಪಟ್ಟದಾನೆಯಂತೆ ಏದುಸಿರು ಬಿಡುತ್ತಾ ಬಂದು ನಿಂತಿತು. ಹಿಂದಿನ ಬಲಗಡೆಯ ಎರಡು ಟಯರುಗಳನ್ನು ಇಳಿಸಿ ನೋಡಬೇಕಿತ್ತು. ಸಾವ್ಕಾರರು ಕುರ್ಚಿಯನ್ನು ಹಾಕಿಸಿಕೊಂಡು ಕೂತು, ಬೀರುವಿನ ಕೀಲಿಕೈಯನ್ನು ಬೆರಳಲ್ಲಿ ತಿರುಗಿಸತೊಡಗಿದರು. ಚಮನ್ ಸಾಬರು ಎಣ್ಣೆ ಡಬ್ಬದ ಮೇಲೆ ಕೂತರು.

ಆಗ ವೀರನು ಸನ್ನದ್ಧನಾದನು. ಹಾರಿಬರುವ ತುಕ್ಕಿನ ಚೂರುಗಳಿಗೆ ಹೆದರದ ಪಾರದರ್ಶಕ ನೇತ್ರಕವಚವನ್ನು ಕಣ್ಣಿಗೇರಿಸಿದನು. ಘರ್ಘರವನ್ನು ಗುಸುಗುಸುವಾಗಿಸುವ ಕರ್ಣಕವಚವನ್ನು ಕಿವಿಗೊತ್ತಿದನು. ಉಕ್ಕಿನ ಮೂತಿಯ ಬೂಟು ತೊಟ್ಟನು, ಕೈಗವಸು ಎಳೆದನು, ಗನ್ನಿನ ಬಾಯಿಗೆ ಸೇರಿಕೊಳ್ಳದಿರಲೆಂದು ಅಂಗಿಯ ತೋಳು ಮಡಚಿದನು, ಕೊರಳ ತಾಯಿತವನ್ನು ಬನಿಯನ್ನಿನೊಳಕ್ಕೆ ಬಿಟ್ಟನು. ಹೊಳೆಯುವ ಸಾಕೆಟ್ಟು ಒಡೆದೀತೆಂದು ಬದಿಗಿಟ್ಟು, ಗನ್ನಿಗೆಂದೇ ಮಾಡಿದ ಕಪ್ಪು ಸಾಕೆಟ್ಟನ್ನು ಆರಿಸಿದನು. ಮೀಟರಿನ ಮುಳ್ಳು ತೊಂಬತ್ತಕ್ಕೆ ಬಂದು ವಿನಯದಿಂದ ನಿಂತಿತು. ಹೀಗೆ ನಖಶಿಖಾಂತ ರಕ್ಷಿತನಾದ ಯೋಧನನ್ನು ಆ ಹೆದ್ದಾರಿ ಹಿಂದೆಂದೂ ಕಂಡಿರಲಿಲ್ಲ.

ಯುದ್ಧಕ್ಕೆ ಮುನ್ನ ವೀರರು ಮಾತಾಡುವುದು ಪದ್ಧತಿ. ಚಮನ್ ಸಾಬರು ಲೋಟ ಕೆಳಗಿಟ್ಟು, ಯಂತ್ರಬಲದಿಂದ ಬೀಗುವವರೆಲ್ಲ ವಿದ್ಯುಲ್ಲಕ್ಷ್ಮಿ ಮುನಿದ ಮರುಕ್ಷಣದಲ್ಲಿ ನಿರಾಯುಧರೆಂದೂ, ಬಾಹುಬಲವೊಂದೇ ಶಾಶ್ವತವೆಂದೂ ಘೋಷಿಸಿದರು. ಅವರ ಬಾಯಿಂದ ಹೊರಬಿದ್ದದ್ದು ಇಷ್ಟು:

"ಕರೆಂಟ್ ಹೋದ್ರೆ ನಿನ್ ಕೈಲಿರೋದು ಬರೀ ಕಬ್ಣ ಕಣಪ್ಪ."

ಅದಕ್ಕೆ ಓಬಳೇಶನು, ಕಾಲವು ವೃದ್ಧರಿಗಾಗಿ ನಿಲ್ಲುವುದಿಲ್ಲವೆಂದೂ, ತನ್ನ ಬಾಣದ ಎದುರು ನಿಲ್ಲುವ ಸಾಹಸವನ್ನು ಯಾರೂ ಮಾಡದಿರುವುದೇ ಲೇಸೆಂದೂ ಗರ್ಜಿಸಿದನು. ಕಿವಿ ಮುಚ್ಚಿದ್ದರಿಂದ ಗರ್ಜನೆ ಬೇಕಾದದ್ದಕ್ಕಿಂತ ಜೋರಾಗಿಯೇ ಇತ್ತು.

"ಸಾಬ್ರೆ, ಒಂಚೂರು ಆ ಕಡೆ ಕುತ್ಕಳಿ. ಗನ್ ಮುಂದೆ ಯಾರೂ ಇರಬಾರ್ದು, ರೂಲ್ಸ್ ಐತೆ."

ಕದನ ಆರಂಭವಾಯಿತು. ಮೊದಲನೆಯ ನಟ್ಟು ಮೂರು ಗುಟುಕಿಗೆ ಶರಣಾಯಿತು. ಎರಡನೆಯದು ಕಿರುಚಿತು, ಮೂರನೆಯದು ಕೆಂಪು ತುಕ್ಕನ್ನು ಕಾರಿತು, ನಾಲ್ಕನೆಯದು ತಾನೇ ಸುತ್ತಿಕೊಂಡು ಬಂದು ನೆಲಕ್ಕೆ ಬಿತ್ತು. ಸಾವ್ಕಾರರ ಬೆರಳಲ್ಲಿ ಕೀಲಿಕೈ ನಿಂತಿತು. ಅದು ಕೊಡುವ ಮುನ್ನಿನ ನಿಲುಗಡೆಯೆಂದು ಓಬಳೇಶ ಕನ್ನಡಕದೊಳಗಿನಿಂದಲೇ ಕಂಡನು. ಅವನ ಮನಸ್ಸು ಆಗಲೇ ಅತ್ತೆಯ ಹೊಸ್ತಿಲಲ್ಲಿ ನಿಂತು, ಒಣಗಿದ ಬೆರಳುಗಳಿಂದ ಚೊಂಬು ಹಿಡಿದು, ಗಂಭೀರವಾಗಿ ನೀರು ಕುಡಿಯುತ್ತಿತ್ತು. ಎಂಟನೆಯ ನಟ್ಟು ಅಂಚಿನಲ್ಲಿತ್ತು. ಪೈಪು ಒಂದು ಮೊಳ ಸಾಲಲಿಲ್ಲ. ಓಬಳೇಶ ಅದನ್ನು ಎಳೆದನು. ಪೈಪು ತಿರುಚಿತು. ಹಿತ್ತಾಳೆಯ ಕಪ್ಲಿಂಗು, ತನ್ನನ್ನು ತಡೆಯುವವರು ಇಂದು ಯಾರೂ ಇಲ್ಲವೆಂಬುದನ್ನು ಕಂಡುಕೊಂಡು, ಕಾಲು ಸುತ್ತು ತಿರುಗಿತು.

ಗುಂಡು ಸಿಡಿದಂಥ ಸದ್ದಾಯಿತು. ಟ್ಯಾಂಕಿನ ಕಡೆಯ ಇಪ್ಪತ್ತಡಿ ಪೈಪು, ಹಿತ್ತಾಳೆಯ ಹೆಡೆಯೆತ್ತಿದ ಕೃಷ್ಣಸರ್ಪವಾಗಿ ನೆಲದಿಂದೆದ್ದಿತು. ಒಮ್ಮೆ ಎಡಕ್ಕೆ ಬಡಿದು ತಗಡಿನ ಗೋಡೆಯನ್ನು ನಗಾರಿಯಾಗಿಸಿತು. ಒಮ್ಮೆ ಬಲಕ್ಕೆ ಬಡಿದು ಈರುಳ್ಳಿ ಮೂಟೆಯನ್ನು ಸೀಳಿತು. ಸಾವ್ಕಾರರು ಒಳ್ಳೆಯ ಹುಬ್ಬನ್ನು ಎರಡೂ ಕೈಗಳಿಂದ ಮುಚ್ಚಿಕೊಂಡು ಕುರ್ಚಿಯ ಹಿಂದೆ ಅಡಗಿ, ಹಿಡೀರಿ, ಬಿಡ್ರಿ, ಹಿಡೀರಿ ಎಂದು ಒಂದೇ ಉಸಿರಿಗೆ ಮೂರು ಆಜ್ಞೆಗಳನ್ನು ಹೊರಡಿಸಿದರು. ಚಮನ್ ಸಾಬರು ಆರಡಿ ಪೈಪನ್ನು ಗದೆಯಂತೆ ಎತ್ತಿ ಸರ್ಪದ ಕಡೆಗೆ ಬೀಸಿದರು. ಸರ್ಪವು ಗದೆಯನ್ನು ಕಿತ್ತು ರಸ್ತೆಗೆಸೆದು, ಟೀ ಲೋಟವನ್ನೂ ಅದರ ಬೆನ್ನಿಗೇ ಕಳಿಸಿತು.

ಓಬಳೇಶನು ತಿಂಗಳಿಡೀ ಓದಿಕೊಂಡಿದ್ದ ನಿಯಮಗಳೆಲ್ಲವೂ ಆ ಕ್ಷಣದಲ್ಲಿ ಅವನ ತಲೆಯಿಂದ ಹಾರಿಹೋದವು. ಉಳಿದದ್ದು ಕೀಲಿಕೈಯೊಂದೇ. ಈ ಹಾವನ್ನು ಕೈಯಾರೆ ಹಿಡಿದು ನೆಲಕ್ಕೊತ್ತಿದರೆ ತಿಂಗಳು ಇನ್ನೂ ಉಳಿದೀತೆಂದು ಅವನಿಗೆ ಅನ್ನಿಸಿತು. ಬೆವರಿನ ಹಬೆಯಿಂದ ಕುರುಡಾದ ಕನ್ನಡಕದೊಳಗಿನಿಂದ ಗುರಿಯಿಟ್ಟು, ಎರಡೂ ತೋಳು ಚಾಚಿ ಅದರ ಕೊರಳಿಗೆ ಹಾರಿದನು. ಒಂದು ಕ್ಷಣ ಹಿಡಿದನು ಕೂಡ. ಮರುಕ್ಷಣ ಸರ್ಪವು ಅವನನ್ನು ಒಂದು ಸುತ್ತು ಆಡಿಸಿ, ಮೊಣಕೈಗೊಂದು ಕೊಟ್ಟು, ಅವನು ಏಳು ವರ್ಷ ಯಾವ ತೀರದಲ್ಲಿ ಕೂತಿದ್ದನೋ ಅದೇ ಪಂಕ್ಚರ್ ತೊಟ್ಟಿಯ ಮಧ್ಯಕ್ಕೆ ಇಳಿಸಿತು. ಅಲ್ಲಿಗೂ ಅದರ ಕೋಪ ತಣಿಯಲಿಲ್ಲ. ತಗಡಿನ ಗೋಡೆಯ ಸಂದಿಯಲ್ಲಿ ಮೂತಿಯಿಟ್ಟು, ಆಚೆಬದಿಯ ತಿಪ್ಪಕ್ಕನ ಮಿರ್ಚಿ ಅಂಗಡಿಯಲ್ಲಿ ಬಾಯಿ ತೆರೆದಿದ್ದ ಮಂಡಕ್ಕಿ ಚೀಲದೊಳಕ್ಕೆ ಬುಸುಗುಟ್ಟಿತು. ಗೋಡೆಯ ಮೇಲಿಂದ, ಶಟರಿನ ಕೆಳಗಿಂದ, ಆಕಾಶದಿಂದ, ಇಡೀ ಚೀಲದ ಮಂಡಕ್ಕಿ ಬೆಳ್ಳಗೆ ಮೆಲ್ಲಗೆ ಸುರಿಯಿತು. ಯುದ್ಧ ಮುಗಿಯುವ ಮೊದಲೇ ಪುಷ್ಪವೃಷ್ಟಿಯಾದದ್ದು ಅದೇ ಮೊದಲು.

ಆ ಪುಷ್ಪವೃಷ್ಟಿಯ ನಡುವೆ, ಕೈಯಲ್ಲಿ ಜಾಲರಿ ಸೌಟು ಹಿಡಿದು ತಿಪ್ಪಕ್ಕ ಬಂದಳು. ಅವಳು ಸರ್ಪದ ಕಡೆಗೆ ನೋಡಲೇ ಇಲ್ಲ. ಹಿಂದಿನಿಂದ ಗೋಡೆಗುಂಟ ನಡೆದು, ಟ್ಯಾಂಕಿನ ಪಕ್ಕ ಬಗ್ಗಿ, ಕೆಂಪು ಹಿಡಿಯ ವಾಲ್ವನ್ನು ಎರಡು ಬೆರಳಿನಿಂದ ಅಡ್ಡಕ್ಕೆ ತಿರುಗಿಸಿದಳು.

ಸರ್ಪವು ನಿಟ್ಟುಸಿರಿಟ್ಟು ಪೈಪಾಗಿ ನೆಲಕ್ಕೆ ಬಿತ್ತು.

"ಗ್ಯಾಸ್ ಸೋರಿದ್ರೆ ಸಿಲಿಂಡರ್ ಬಂದ್ ಮಾಡ್ತೀವಿ ಕಣಪ್ಪ," ಎಂದಳು ತೊಟ್ಟಿಯೊಳಗಿನ ವೀರನಿಗೆ. "ಪೈಪ್ ಜೊತೆ ಯಾರಾದ್ರೂ ಕುಸ್ತಿ ಆಡ್ತಾರಾ."

ಸಾವ್ಕಾರರು ಕುರ್ಚಿಯ ಹಿಂದಿನಿಂದ ಎದ್ದು ಬಂದು, ಬಿಚ್ಚಿಬಿದ್ದ ಕಪ್ಲಿಂಗನ್ನು ಕೈಗೆತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿದರು. ಪಿನ್ನಿನ ತೂತು ಖಾಲಿಯಾಗಿತ್ತು. ಪಿನ್ನೆಲ್ಲಿ ಎಂದು ಯಾರನ್ನೂ ಉದ್ದೇಶಿಸದೆ ಕೇಳಿದರು.  ತುಕ್ಕು ಹಿಡಿದಿತ್ತು, ಮುರಿದುಬಿತ್ತು ಎಂದು ಓಬಳೇಶನು ಹೇಳಬಹುದಿತ್ತು. ಹಾಗಂದಿದ್ದರೆ ನಂಬುತ್ತಿದ್ದರು, ಕೀಲಿಕೈಯೂ ಬಹುಶಃ ಉಳಿಯುತ್ತಿತ್ತು. ಓಬಳೇಶ ಮೊಣಕೈಯನ್ನು ಉಜ್ಜಿಕೊಂಡನು. ಆ ಹಿತ್ತಾಳೆಯ ತಲೆ ಮೊಣಕೈಗೆ ಬೀಳದೆ ಯಾರದಾದರೂ ಕಣ್ಣಿಗೆ ಬಿದ್ದಿದ್ದರೆ ಎಂಬ ಯೋಚನೆ ಅವನಿಗೆ ಮೊದಲ ಸಲ ಬಂತು, ಬಂದದ್ದು ಹೋಗಲಿಲ್ಲ. ತೊಟ್ಟಿಯಲ್ಲಿ ಎದೆಮಟ್ಟ ನೀರಿನಲ್ಲಿ ಕೂತು, ಕೈಗವಸಿನ ಬೆರಳನ್ನು ಶಟರಿನ ನೆತ್ತಿಯ ಕಡೆಗೆ ಎತ್ತಿದನು. ಎಲ್ಲರೂ ತಲೆಯೆತ್ತಿದರು. ನಿಂಬೆಹಣ್ಣು ಏಳು ಮೆಣಸಿನಕಾಯಿಗಳ ಪರಿವಾರದೊಡನೆ ನಿರಾಳವಾಗಿ ತೂಗಾಡುತ್ತಿತ್ತು. ಅದಕ್ಕೊಂದು ಗೀರೂ ಬಿದ್ದಿರಲಿಲ್ಲ.

"ನಾನೇ ತೆಗ್ದಿದ್ದು ಸಾವ್ಕಾರ್ರೆ. ದೃಷ್ಟಿಗೆ ಕಟ್ಟಕ್ಕೆ ದಾರ ಸಿಗ್ಲಿಲ್ಲ."

ಚಮನ್ ಸಾಬರು ರಸ್ತೆಯಿಂದ ತಮ್ಮ ಪೈಪನ್ನೂ ಸೊಟ್ಟಗಾದ ಲೋಟವನ್ನೂ ಆರಿಸಿಕೊಂಡು ಬಂದು, ನಿಂಬೆಹಣ್ಣನ್ನು ಬಹಳ ಹೊತ್ತು ನೋಡಿದರು.

"ನನ್ ಕಣ್ಣು ಬೀಳಬಾರ್ದು ಅಂತ ತಾನೇ ಕಟ್ಟಿದ್ದು," ಎಂದರು. "ಅದ್ಕೇ ನಾನು ಬೆಳಗ್ಗಿಂದ ಗನ್ ಪೈಪ್ ಕಡೆ ನೋಡ್ಲೇ ಇಲ್ಲ. ನೋಡಿದ್ರೆ ಪಿನ್ ಇಲ್ಲ ಅಂತ ಆಗ್ಲೇ ಹೇಳ್ತಿದ್ನಲ್ಲೋ ಮಾರಾಯ."

ಸಾವ್ಕಾರರು ನಗದಿರಲು ಹುಬ್ಬನ್ನು ಬಿಗಿಹಿಡಿದರು; ಸೀಳಿದ ಕಡೆ ಅದು ಬಿಗಿಯಾಗಲಿಲ್ಲ. ತೀರ್ಪು ಮಾತ್ರ ಬದಲಾಗಲಿಲ್ಲ. ಗನ್ನು ಬೀರುವಿಗೆ ಹೋಯಿತು, ಕೀಲಿಕೈ ಜೇಬಿಗೆ ಹೋಯಿತು. ಉಳಿದ ನಟ್ಟುಗಳನ್ನು ಚಮನ್ ಸಾಬರು ಆರಡಿ ಪೈಪಿಗೆ ಜೋತುಬಿದ್ದು, ಒಂದೊಂದಕ್ಕೂ ಒಂದೊಂದು ಬೈಗುಳ ಕೊಟ್ಟು ಬಿಚ್ಚಿದರು. ತಿಂಗಳು ನಾಳೆಯಿಂದ ಮತ್ತೆ ಶುರುವೆಂದೂ, ಅದು ಮುಗಿಯುವ ತನಕ ದಿನಾ ಬೆಳಿಗ್ಗೆ ಪಿನ್ನು ಇದೆಯೋ ಇಲ್ಲವೋ ನೋಡಿ ತಮಗೆ ಒಪ್ಪಿಸುವ ಕೆಲಸ ಓಬಳೇಶನದೆಂದೂ ಸಾವ್ಕಾರರು ಹೇಳಿದರು. ಈರುಳ್ಳಿ ಲಾರಿಯ ಡ್ರೈವರು ಅದನ್ನು ಕೇಳಿಸಿಕೊಂಡನು. ಅವನು ಹೋದ ಊರುಗಳ ಡಾಬಾಗಳಿಗೆಲ್ಲ ಕಥೆ ಅವನ ಜೊತೆಗೇ ಹೋಯಿತು. ಸಹಸ್ರಟ್ಯೂಬಪರೀಕ್ಷಕ, ಬುದ್ಬುದಾನ್ವೇಷಣಪಂಡಿತ ಇತ್ಯಾದಿ ಬಿರುದುಗಳೆಲ್ಲ ಒಂದೇ ವಾರದಲ್ಲಿ ಉದುರಿ, ಹೆದ್ದಾರಿಯುದ್ದಕ್ಕೂ ಅವನಿಗೆ ಉಳಿದ ಹೆಸರು ಪಿನ್ ಓಬಳೇಶ.

ಆದರೆ ಅದು ಆಮೇಲಿನ ಮಾತು. ಅಂದು ಮಧ್ಯಾಹ್ನ ಒದ್ದೆ ಬಟ್ಟೆಯಲ್ಲೇ ಅವನು ಏಣಿ ಹತ್ತಿ ನಿಂಬೆಹಣ್ಣನ್ನು ಇಳಿಸಿದನು, ಪಿನ್ನನ್ನು ಎಳೆದು ಒರೆಸಿದನು, ಮಡಚಿ ಕಪ್ಲಿಂಗಿಗೆ ಸಿಕ್ಕಿಸಿ ಎರಡು ಸಲ ಜಗ್ಗಿ ನೋಡಿದನು. ಗೋಡೆಯಾಚೆಯಿಂದ ತಿಪ್ಪಕ್ಕ, ಮಿರ್ಚಿ ಪೊಟ್ಟಣ ಕಟ್ಟುವ ಉಂಡೆಯಿಂದ ಒಂದು ಗೇಣು ದಾರ ಕಡಿದು, ಸಂದಿಯಲ್ಲಿ ಈಚೆಗೆ ತೂರಿಸಿದಳು.

"ಪಕ್ಕದಲ್ಲೇ ಇದೀನಿ. ಕೇಳಕ್ಕೇನಾಗಿತ್ತು ನಿಂಗೆ."

ಓಬಳೇಶ ನಿಂಬೆಹಣ್ಣನ್ನು ದಾರದಲ್ಲಿ ಕಟ್ಟಿದನು. ತೊಟ್ಟಿಯಲ್ಲಿ ತೇಲುತ್ತಿದ್ದ ಮಂಡಕ್ಕಿಯನ್ನು ಕೈಯಿಂದ ಬದಿಗೆ ಸರಿಸಿ, ಈರುಳ್ಳಿ ಲಾರಿಯ ಟ್ಯೂಬನ್ನು ಮುಳುಗಿಸಿದನು. ಒಂದು ಗುಳ್ಳೆ ಎದ್ದಿತು. ಅವನು ಅಲ್ಲಿಗೆ ಗುರುತು ಹಾಕಿದನು.