ಖಳನಾಯಕನ ಊರು ಯಾವುದು?

“ಎಲ್ಲರೂ ಹಿಂದೆ ಸರೀರಿ! ದುಷ್ಟ ಹುಟ್ಟೋ ಹೊತ್ತು!” ಎಂದು ವರದರಾಜಯ್ಯನವರು ತಾವೇ ಜೋಡಿಸಿದ ಯಂತ್ರದ ಗುಂಡಿ ಒತ್ತಿದರು.

ಪಾಲಿಟೆಕ್ನಿಕ್ ಮೇಷ್ಟರಾಗಿದ್ದ ಅವರಿಗೆ ನಿವೃತ್ತಿಯ ಮೇಲೆ ಒಂದೇ ಹುಚ್ಚು: ಭಾನುವಾರ ಗೆಳೆಯರನ್ನು ಕೂರಿಸಿಕೊಂಡು, ದಾಳ ಉರುಳಿಸಿ, ವೀರರೂ ಮಾಂತ್ರಿಕರೂ ಆಗಿ ಆಡುವ ಮಾಯಾಲೋಕದ ಆಟ. ಹೋದ ವಾರ ಇವರೇ ಖಳನಾಯಕನಾಗಿ ಆರ್ಭಟಿಸಿದಾಗ ವೀರ ಶೇಷಗಿರಿಯಪ್ಪ ಗೊರಕೆ ಹೊಡೆದಿದ್ದರು. ಈ ಸಲವೂ ಹೀಗೇ ಆದರೆ ಎದುರುಮನೆಯ ಇಸ್ಪೀಟಿಗೆ ಹೋಗುತ್ತೇವೆಂದು ಮಾಂತ್ರಿಕ ನಾಗಭೂಷಣ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು. ಹೆಂಡತಿ ಅಂಬುಜಮ್ಮನಿಗೆ ಅದೇ ದಿಗಿಲು. ಆಟ ನಿಂತರೆ ಗಂಡ ಮಂಕಾಗಿಬಿಡುತ್ತಾರೆ. ಆ ಪೆದ್ದು ಸಂಭ್ರಮದ ಮುಖ ಬಾಡುವುದನ್ನು ಆಕೆ ನೋಡಲಾರಳು. ಅದಕ್ಕೇ ತನ್ನ ಮಿಕ್ಸಿಯ ಮೋಟಾರನ್ನು ಈ ಯಂತ್ರಕ್ಕೆ ಧಾರೆಯೆರೆದು ಕೊಟ್ಟಿದ್ದಳು.

ಹಜಾರದ ನಡುವೆ ಬೆಳಕಿನ ಮನುಷ್ಯನೊಬ್ಬ ಎದ್ದು ನಿಂತ.

“ನಾವು ಆಡಿದ ಮಾತೆಲ್ಲ ಇವನ ಗುಣ ಆಗುತ್ತೆ, ನೋಡ್ತಿರಿ! ಕ್ರೂರಿ! ಮೂರು ರಾಜ್ಯ ಸುಟ್ಟವನು!” ಎಂದರು ವರದರಾಜಯ್ಯ.

ಅವನಿಗೆ ಗಿರಿಜಾ ಮೀಸೆ ಮೂಡಿತು, ಕಣ್ಣು ಕೆಂಡವಾಯಿತು. ಅವನು ನಕ್ಕ ನಗೆಗೆ ನಾಗಭೂಷಣರ ಕೈಯಲ್ಲಿದ್ದ ದಾಳ ಸೋಫಾದಡಿ ಸೇರಿತು. ಅಂಬುಜಮ್ಮನಿಗೆ ಹೋದ ಜೀವ ಬಂದಂತಾಯಿತು.

ಆದರೆ ಹೊಸಬರನ್ನು ಕಂಡರೆ ಶೇಷಗಿರಿಯಪ್ಪನವರ ಬಾಯಿ ಸುಮ್ಮನಿರದು. “ಯಾವೂರ ಕಡೆಯವನಪ್ಪಾ ನೀನು?”

“ಏ ಶೇಷು, ಅವನು ಖಳ ಕಣಯ್ಯಾ! ಊರು ಕೇರಿ ಕೇಳ್ಬೇಡ!” ವರದರಾಜಯ್ಯ ಹೌಹಾರಿದರು.

“ಊರಿಲ್ಲದೆ ಆಕಾಶದಿಂದ ಉದುರಿದ್ನೇ? ಮೂಗು ನೋಡಿದ್ರೆ ಅರಕಲಗೂಡಿನ ಕಡೆಯವನ ಥರ ಇದಾನೆ,” ಎಂದರು ನಾಗಭೂಷಣ.

“ಅರಕಲಗೂಡಾ? ನಮ್ಮ ಬೀಗರ ಊರು! ಹಂಗಾದ್ರೆ ಇವನೂ ನನಗೆ ಅಳಿಯನೇ ಆಗ್ಬೇಕು!” ಶೇಷಗಿರಿಯಪ್ಪ ಹಿಗ್ಗಿದರು.

ಯಂತ್ರ ಗುರ್ರೆಂದಿತು. ಕೆಂಡದ ಕಣ್ಣು ಆರಿತು. ತಲೆಯ ಮೇಲೆ ಜರಿಪೇಟ ಬಂತು!

“ಮಾವ, ಬಂದು ಇಷ್ಟು ಹೊತ್ತಾಯ್ತು. ಕಾಲಿಗೆ ನೀರು ಕೊಡೋರಿಲ್ಲ, ಕೂತ್ಕೊಳ್ಳಿ ಅನ್ನೋರಿಲ್ಲ!”

ಅಂಬುಜಮ್ಮ ಓಡಿಹೋಗಿ ಕಾಫಿ ತಂದಳು. ಬೆಳಕಿನ ಬಾಯಿ ಕಾಫಿ ಕುಡಿಯುವುದು ಹೇಗೆ? ನೋಡುತ್ತ ನೋಡುತ್ತ ಅದು ತಣ್ಣಗಾಯಿತು. “ಆರಿದ ಕಾಫಿ!” ಎಂದು ಅವನು ಗೋಡೆಯ ಕಡೆ ಮುಖ ಮಾಡಿ ಕೂತುಬಿಟ್ಟ. ಕತ್ತಿ ಎತ್ತಬೇಕಾಗಿದ್ದ ಶೇಷಗಿರಿಯಪ್ಪ ಬೀಸಣಿಗೆ ಎತ್ತಿದರು.

“ಏನಯ್ಯಾ ಇದು! ದಾಳ ಹಾಕು, ಹೊಡಿ ಅವನನ್ನ!” ಎಂದು ವರದರಾಜಯ್ಯ ಕೂಗಿದರು.

“ಬೀಗರ ಕಡೆಯೋರ ಮೇಲೆ ಕೈ ಮಾಡಿಸ್ತೀಯಾ? ನನ್ನ ಮಗಳು ಆ ಮನೇಲಿ ಬಾಳಬೇಕಲ್ಲಯ್ಯಾ!”

ನಾಗಭೂಷಣ ಮಂತ್ರ ಹಾಕಲು ಕೈ ಎತ್ತಿದರು. “ಇವರ್ಯಾರು ಮಾವ? ಒಂದು ನಮಸ್ಕಾರಾನೂ ಇಲ್ಲ!” ಎಂದ ಅಳಿಯ. ಎತ್ತಿದ ಕೈಯನ್ನೇ ಮಹಾಮಾಂತ್ರಿಕರು ಮುಗಿದರು. ಇಡೀ ಮಾಯಾಲೋಕವನ್ನು ತನ್ನ ಹೆಸರಿಗೆ ಬರೆದುಕೊಡದಿದ್ದರೆ ಊಟ ಮುಟ್ಟುವುದಿಲ್ಲ ಎಂದು ಅವನು ಹಟ ಹಿಡಿದ. ಶೇಷಗಿರಿಯಪ್ಪ ಬರೆದೇ ಕೊಟ್ಟರು. ದಾಳ ಒಂದು ಸಲವೂ ಉರುಳದೆ ರಾಜ್ಯ ಕೈಬಿಟ್ಟುಹೋಯಿತು!

ಗೆಳೆಯರು ಎದ್ದು ಚಪ್ಪಲಿ ಮೆಟ್ಟಿದರು. ವರದರಾಜಯ್ಯ ಮೂಲೆಯಲ್ಲಿ ಮುದುಡಿ ಕೂತಿದ್ದರು.

ಬಾಗಿಲಲ್ಲಿ ಶೇಷಗಿರಿಯಪ್ಪ ತಿರುಗಿದರು. “ಇಂಥ ದುಷ್ಟನ್ನ ನನ್ನ ಜನ್ಮದಲ್ಲೇ ಕಂಡಿಲ್ಲ ಕಣಯ್ಯಾ!” ಎಂದು ಪಿಸುಗುಟ್ಟಿದರು. “ಬರೋ ವಾರ ಬೆಳಿಗ್ಗೇನೇ ಬರ್ತೀವಿ. ಹೆಂಗಾದ್ರೂ ರಾಜ್ಯ ವಾಪಸ್ ತಗೋಬೇಕು!”

ವರದರಾಜಯ್ಯನವರ ಮುಖ ಊರಗಲವಾಯಿತು. ಸಿಳ್ಳೆ ಹಾಕುತ್ತ ಹೋಗಿ ಯಂತ್ರ ಆರಿಸಲು ಗುಂಡಿ ಒತ್ತಿದರು. ಮತ್ತೆ ಒತ್ತಿದರು. ಪ್ಲಗ್ಗನ್ನೇ ಕಿತ್ತರು. ಅಳಿಯ ಕದಲಲಿಲ್ಲ. ರಾತ್ರಿಗೆ ಹೋಳಿಗೆ ಉಂಟೋ ಎಂದು ಕೇಳಿದ.

“ಎಲ್ಲಿ ತಪ್ಪಾಯ್ತೇ ಅಂಬುಜಾ?”

ಅಂಬುಜಮ್ಮ ಬೇಳೆ ಬೇಯಲು ಇಟ್ಟಳು. “ಬಿಡೀಂದ್ರೆ. ಅಳಿಯನ್ನ ಆರಿಸೋ ಸ್ವಿಚ್ಚು ಇನ್ನೂ ಯಾರೂ ಕಂಡುಹಿಡಿದಿಲ್ಲ.”