ಏಳನೆಯ ಸದ್ದು

ಲಾಂಡ್ರಿಯ ಗೋಡೆಗೆ ಸೋಪಿನ ಡಬ್ಬಿಯಷ್ಟು ದೊಡ್ಡದೊಂದು ಬೂದು ಪೆಟ್ಟಿಗೆ ಅಂಟಿಕೊಂಡ ಬೆಳಿಗ್ಗೆಯೇ ಮೇಸ್ತ್ರಿಗೆ ತನ್ನ ಸ್ಟೂಲಿನ ಆಯುಷ್ಯ ಮುಗಿಯಿತೆನ್ನಿಸಿತು.

ಆಸ್ಪತ್ರೆಗಳ ಹಾಸು-ಹೊದಿಕೆ ಒಗೆಯುವ ಆರು ದೊಡ್ಡ ಯಂತ್ರಗಳು ಅಲ್ಲಿದ್ದವು. ಇಪ್ಪತ್ತೆಂಟು ವರ್ಷದಿಂದ ಅವುಗಳ ನಾಡಿ ನೋಡುತ್ತಿದ್ದವನು ಮೇಸ್ತ್ರಿ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಯಂತ್ರದ ಬೆನ್ನಿಗಿಟ್ಟು, ಹಿಡಿಯನ್ನು ಕಿವಿಗೊತ್ತಿಕೊಂಡು ಕುಕ್ಕರುಗಾಲಲ್ಲಿ ಕೂತರೆ ಸಾಕು, ಯಾವ ಬೇರಿಂಗ್ ಸವೆದಿದೆ, ಯಾವ ಬೆಲ್ಟು ಸಡಿಲವಾಗಿದೆ ಎಂದು ಯಂತ್ರವೇ ಅವನ ಕಿವಿಯಲ್ಲಿ ಚಾಡಿ ಹೇಳುತ್ತಿತ್ತು.

ಈ ಪೆಟ್ಟಿಗೆಯೂ ಅದನ್ನೇ ಮಾಡುತ್ತದಂತೆ. ಅದೂ ಗೋಡೆಯ ಮೇಲಿಂದ ಇಳಿಯದೆ.

"ಕೃತಕ ಬುದ್ಧಿ ಇದು. ಸದ್ದು ಕೇಳಿಯೇ ರೋಗ ಹೇಳುತ್ತೆ, ಕೆಡೋದಕ್ಕೆ ಮುಂಚೇನೇ," ಎಂದಳು ಪೆಟ್ಟಿಗೆ ತಂದ ಎಂಜಿನಿಯರ್ ಹೆಣ್ಣುಮಗಳು. "ಹಸಿರು ದೀಪ ಅಂದ್ರೆ ಆರೋಗ್ಯ. ಕೆಂಪು ಅಂದ್ರೆ ಸವೆತ. ಇನ್ನು ಐದು ವರ್ಷದಲ್ಲಿ ಇಂಥದ್ದು ಇಲ್ಲದ ಕಾರ್ಖಾನೆಯೇ ಇರಲ್ಲ."

"ಸಂಜೆವರೆಗೆ ಪರೀಕ್ಷೆ," ಎಂದರು ಮ್ಯಾನೇಜರ್. "ಒಂದೇ ಒಂದು ದೋಷ ಸರಿಯಾಗಿ ಹಿಡಿದ್ರೆ ಇಟ್ಕೊಳ್ತೀವಿ. ಇಲ್ಲಾಂದ್ರೆ ವಾಪಸ್."

"ಇಟ್ಕೊಂಡ್ರೆ ನಾನು, ಸರ್?"

ಮ್ಯಾನೇಜರ್ ಕೈಗಡಿಯಾರ ನೋಡಿಕೊಂಡು ಹೊರಟುಹೋದರು. ಉತ್ತರ ಅದರಲ್ಲೇ ಇತ್ತು.

"ಒದ್ದೆ ಟವಲ್ ಹೊದಿಸ್ಬಿಡಿ ಮೇಸ್ತ್ರಿಯಣ್ಣ, ಉಸಿರು ಕಟ್ಟಿ ಸಾಯ್ಲಿ," ಎಂದಳು ಇಸ್ತ್ರಿಯಕ್ಕ. ಇಡೀ ಲಾಂಡ್ರಿಗೆ ಇಸ್ತ್ರಿಯೂ ಅವಳದೇ, ಸಲಹೆಯೂ ಅವಳದೇ.

"ಕಿವಿಗೆ ಉಸಿರೆಲ್ಲಿಂದ ಬರ್ಬೇಕು ತಾಯಿ?"

"ಹಾಗಾದ್ರೆ ರೋಗವೇ ಸಿಗದ ಹಾಗೆ ಮಾಡಿ. ಕಾಯಿಲೆ ಇಲ್ಲದ ಊರಲ್ಲಿ ಡಾಕ್ಟರಿಗೇನು ಕೆಲಸ?"

ಮಾತು ಎಷ್ಟು ಚೆನ್ನಾಗಿತ್ತೆಂದರೆ, ಅದಕ್ಕೆ ಇನ್ನೊಂದು ಮಗ್ಗುಲಿದೆಯೆಂದು ಇಬ್ಬರಿಗೂ ಹೊಳೆಯಲಿಲ್ಲ.

ಮೇಸ್ತ್ರಿ ಅಂಗಿಯ ತೋಳು ಮಡಚಿದ. ಒಂದೊಂದೇ ಯಂತ್ರ ನಿಲ್ಲಿಸಿ, ಕೂತು, ಬಿಚ್ಚಿ, ಗ್ರೀಸ್ ತುಂಬಿ, ಎದ್ದು ಚಾಲೂ ಮಾಡಿ, ಮತ್ತೆ ಕೂತು ಕಿವಿಗೊಟ್ಟು, ಮತ್ತೆ ಎದ್ದ. ಹಳೆಯ ಬೆಲ್ಟುಗಳನ್ನೆಲ್ಲ ಕಿತ್ತು ಹೊಸವನ್ನು ಹಾಕಿದ. ಸೋಪಿನ ನೀರಲ್ಲಿ ಕಾಲು ಜಾರಿ ಗ್ರೀಸ್ ಡಬ್ಬಿಯ ಸಮೇತ ಒಗೆದಿಟ್ಟ ಬಿಳಿ ಹಾಸುಗಳ ಮೇಲೆ ಬಿದ್ದ.

"ನಾನು ಪೆಟ್ಟಿಗೆ ಸಾಯ್ಲಿ ಅಂದೆ, ನನ್ನನ್ನೇ ಸಾಯಿಸ್ತೀರಲ್ಲ!" ಎಂದು ಇಸ್ತ್ರಿಯಕ್ಕ ಹಣೆ ಚಚ್ಚಿಕೊಂಡಳು.

ಮಧ್ಯಾಹ್ನ ಮೂರನೆಯ ಯಂತ್ರದಿಂದ ಏಳುವಾಗ ಪೆಟ್ಟಿಗೆ ಕೆಂಪಗೆ ಕಣ್ಣು ಮಿಟುಕಿಸಿತು. ಮೇಸ್ತ್ರಿ ಮತ್ತೆ ಕೂತು ಇನ್ನೊಂದು ಹಿಡಿ ಗ್ರೀಸ್ ಮೆತ್ತಿದ. ಮತ್ತೆ ಕೆಂಪು. ಯಂತ್ರಕ್ಕೆ ಕಿವಿಗೊಟ್ಟರೆ ಅದು ಹಾಲು ಕುಡಿದ ಮಗುವಿನಂತೆ ತೆಪ್ಪಗಿತ್ತು. ಪೆಟ್ಟಿಗೆಗೇ ಭ್ರಮೆ ಹಿಡಿದಿದೆ ಎಂದುಕೊಂಡು ಅವನು ನಾಲ್ಕನೆಯದಕ್ಕೆ ಹೋದ.

ಸಂಜೆ ಎಲ್ಲ ಯಂತ್ರಗಳನ್ನೂ ನಿಲ್ಲಿಸಲಾಯಿತು. ಮೇಸ್ತ್ರಿ ತನ್ನ ಸ್ಟೂಲಿನ ಮೇಲೆ ತೀರ್ಪು ಕೇಳುವವನಂತೆ ಕೂತಿದ್ದ. ಎಂಜಿನಿಯರ್ ವರದಿ ಓದಿದಳು.

"ಆರೂ ಹೊಸದರ ಹಾಗಿವೆ ಸರ್. ಇನ್ನು ಎಂಟು ತಿಂಗಳು ಯಾರೂ ಕೈ ಹಾಕೋದೇ ಬೇಡ."

"ಯಾರೂ ಅಂದ್ರೆ?" ಎಂದರು ಮ್ಯಾನೇಜರ್.

"ಯಾರೂ."

ಮೇಸ್ತ್ರಿ ಇಸ್ತ್ರಿಯಕ್ಕನ ಕಡೆ ತಿರುಗಿದ. ಇಸ್ತ್ರಿಯಕ್ಕ ಆರಿಹೋದ ಇಸ್ತ್ರಿಪೆಟ್ಟಿಗೆಯನ್ನೇ ನೋಡತೊಡಗಿದಳು.

"ಆದ್ರೆ ಒಂದು ದೋಷ ಸಿಕ್ಕಿದೆ, ನಲವತ್ತೊಂದು ಸಲ. ಎಲ್ಲೋ ಒಂದು ಕೀಲು ಸವೆದು ಪೂರ್ತಿ ಒಣಗಿದೆ. ಯಾವುದರದ್ದು ಅಂತ ಗೊತ್ತಾಗ್ತಿಲ್ಲ. ಒಮ್ಮೆ ಒಂದನೇ ಯಂತ್ರದ ಹತ್ರ ಕೇಳಿಸುತ್ತೆ, ಒಮ್ಮೆ ಐದನೇದರ ಹತ್ರ."

ಮೇಸ್ತ್ರಿಗೆ ಹೋದ ಜೀವ ಬಂತು. ದೋಷವಿದೆ! ದೋಷವಿದ್ದ ಮೇಲೆ ತಾನೂ ಬೇಕು. "ರೋಗಿ ಯಾರು ಅಂತಾನೇ ಗೊತ್ತಿಲ್ಲದ ಡಾಕ್ಟರು ಸರ್ ಇದು!"

"ನೀವು ಅನುಭವಸ್ಥರು," ಎಂದರು ಮ್ಯಾನೇಜರ್, ಪೆನ್ನು ತೆಗೆಯುತ್ತ. "ಇಂಥ ಕೀಲಿಗೆ ಏನು ಮಾಡ್ಬೇಕು, ಹೇಳಿ."

ಇಪ್ಪತ್ತೆಂಟು ವರ್ಷದಲ್ಲಿ ಯಾರೂ ಅವನ ಅಭಿಪ್ರಾಯ ಕೇಳಿ ಬರೆದುಕೊಂಡಿರಲಿಲ್ಲ. ಅವನು ಗಂಭೀರನಾದ.

"ಒಂದು ದಿನಾನೂ ಓಡಿಸ್ಬಾರದು ಸರ್. ಗ್ರೀಸ್ ಹಾಕಿ ಪ್ರಯೋಜನ ಇಲ್ಲ. ಇವತ್ತೇ ನಿಲ್ಲಿಸ್ಬೇಕು. ಹೊಸದು ಹಾಕಿಸೋವರೆಗೆ ಮುಟ್ಟಲೇಬಾರದು. ದಯೆ ದಾಕ್ಷಿಣ್ಯ ನೋಡಿದ್ರೆ ಇಡೀ ಲಾಂಡ್ರಿಗೇ ಕುತ್ತು."

ಮ್ಯಾನೇಜರ್ ಅಕ್ಷರ ಬಿಡದೆ ಬರೆದುಕೊಂಡರು.

"ಎಲ್ಲಿದೆ ಅಂತ ನಾನು ತೋರಿಸ್ತೀನಿ ಬನ್ನಿ," ಎಂದು ಮೇಸ್ತ್ರಿ ಸ್ಕ್ರೂಡ್ರೈವರ್ ಹಿಡಿದು, ಮಂಡಿಯ ಮೇಲೆ ಕೈಯೂರಿ ಎದ್ದ.

ಕಟಕ್.

ಪೆಟ್ಟಿಗೆಯಲ್ಲಿ ಕೆಂಪು ದೀಪ. ಮೇಸ್ತ್ರಿ ಗಾಬರಿಯಿಂದ ಕೂತ. ಕಟಕ್. ಮತ್ತೆ ಕೆಂಪು.

ಯಾರೂ ನಗಲಿಲ್ಲ. ಮ್ಯಾನೇಜರ್ ಒಮ್ಮೆ ಮಂಡಿಯನ್ನೂ ಒಮ್ಮೆ ತಾವು ಬರೆದದ್ದನ್ನೂ ನೋಡಿದರು.

"ಹಿಡಿದಿದ್ದಂತೂ ಸರಿಯಾಗೇ ಇದೆ ಸರ್," ಎಂದಳು ಎಂಜಿನಿಯರ್, ಮೆಲ್ಲಗೆ.

"ಎಂಟು ತಿಂಗಳು ಹೇಗೂ ಕೆಲಸ ಇಲ್ಲ," ಎಂದರು ಮ್ಯಾನೇಜರ್, ಇನ್ನೂ ಮೆಲ್ಲಗೆ. "ಹೊಸದು ಹಾಕಿಸ್ಕೊಳ್ಳಿ ಮೇಸ್ತ್ರಿಗಳೇ. ಆಮೇಲೆ ನೋಡೋಣ. ನಾನು ಹೇಳಿದ್ದಲ್ಲ, ನೀವೇ ಹೇಳಿದ್ದು."

ಅವರೆಲ್ಲ ಹೋದ ಮೇಲೆ ಇಸ್ತ್ರಿಯಕ್ಕ ಬಾಗಿಲು ಹಾಕಲು ಬಂದಳು. "ಏಳಿ ಅಣ್ಣ, ಹೊತ್ತಾಯ್ತು."

ಮೇಸ್ತ್ರಿ ಗೋಡೆಯತ್ತ ಕಣ್ಣು ತೋರಿಸಿ ಪಿಸುಗುಟ್ಟಿದ: "ಮೊದಲು ಆ ಒದ್ದೆ ಟವಲ್ ಹೊದಿಸು ತಾಯಿ. ಆಮೇಲೆ ಏಳ್ತೀನಿ."